ಮೀಟರ್ ಬೋರ್ಡಿನ ವೀರಭದ್ರ

ಕಾಗದನಗರ, ಭದ್ರಾವತಿ
8 ಜನವರಿ 2024

ಶಿವರಾಜ್ ಅವರಿಗೆ,

ಫೋನಿನಲ್ಲಿ ನಾವಾಡಿದ ಜಗಳವನ್ನು ನೀವು ರೆಕಾರ್ಡ್ ಮಾಡಿ ನಿಮ್ಮ ಕಡೆಯವರಿಗೆಲ್ಲ ಕೇಳಿಸಿದಿರಿ. ನಾನೂ ಬಿಡಲಿಲ್ಲ, ನಮ್ಮ ಕಡೆಯವರಿಗೆ ಕೇಳಿಸಿದೆ. ಈಗ ಎರಡೂ ಮನೆಗೆ ಹಿರಿಯರಾದ ಶಿವಯೋಗಿ ಮಾವ ಎಲ್ಲರನ್ನೂ ಕೂರಿಸಿಕೊಂಡು ಇಬ್ಬರ ಬಾಯಿಗೂ ಬೀಗ ಹಾಕಿದ್ದಾರೆ. “ಇನ್ಮೇಲೆ ಫೋನಿಲ್ಲ, ಮೆಸೇಜಿಲ್ಲ. ಹೇಳೋದೇನಿದ್ರೂ ಬರ್ದು ಪೋಸ್ಟ್ ಮಾಡ್ಕೊಳ್ಳಿ. ಬರೆಯೋ ಹೊತ್ತಿಗಾದ್ರೂ ಸಿಟ್ಟು ಇಳಿಯುತ್ತೆ” ಎಂದರು. ನನ್ನ ಸಿಟ್ಟೇನೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಕಾರು ನಿಮ್ಮ ಹೆಸರಿಗಾಯಿತು. ಮದುವೆಯಲ್ಲಿ ತಾನು ಕೊಟ್ಟ ಕಾರನ್ನೇ ಅಳಿಯ ದುಡ್ಡು ಕೊಟ್ಟು ಕೊಂಡುಕೊಂಡ ಎಂದು ಅಪ್ಪ ನಗುತ್ತಿದ್ದಾರೆ. ಅವರು ನಕ್ಕು ಬಹಳ ದಿನವಾಗಿತ್ತು.

ಷರತ್ತುಗಳನ್ನು ಇನ್ನೊಮ್ಮೆ ಬರೆಯುತ್ತೇನೆ, ಆಮೇಲೆ ಮರೆತೆ ಎನ್ನುವ ಹಾಗಿಲ್ಲ. ಬೈಕಿನಿಂದ ಮಗಳನ್ನು ಬೀಳಿಸಿದ್ದೀರಿ, ಆದ್ದರಿಂದ ಲಿಖಿತಾ ನಿಮ್ಮ ಜೊತೆ ಬರುವುದು ಕಾರಿನಲ್ಲಿ ಮಾತ್ರ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆದುಕೊಂಡು ಹೋಗಿ ಸಂಜೆ ಆರರೊಳಗೆ ನಮ್ಮ ಗೇಟಿಗೆ ತಂದು ಬಿಡಬೇಕು. ಮೂರು ಸಲ ತಡವಾದರೆ ಭಾನುವಾರಗಳು ಬಂದ್. ಕೋರ್ಟು ತೀರ್ಪು ಕೊಡುವವರೆಗೆ ಅವಳ ಮುಖ ನೋಡುವ ಹಾಗಿಲ್ಲ. ಇದಕ್ಕೆ ಎಲ್ಲರೆದುರು ನೀವೇ ತಲೆ ಆಡಿಸಿದ್ದೀರಿ.

ಇನ್ನೊಂದು ಮಾತು. ಸ್ಟೇರಿಂಗಿನ ಹಿಂದೆ, ಮೀಟರ್ ಬೋರ್ಡಿನ ಗಾಜಿನ ಮೇಲೆ ವೀರಭದ್ರ ದೇವರ ಸಣ್ಣ ತಗಡಿನ ಸ್ಟಿಕ್ಕರ್ ಇದೆ. ನನ್ನ ಅಮ್ಮ ಪೂಜೆ ಮಾಡಿಸಿ ತಂದದ್ದು. ಎರಡೂ ಮನೆಗೆ ಮನೆದೇವರು ಒಬ್ಬನೇ ಆಗಿರುವುದರಿಂದ ಅದನ್ನು ಕೀಳಬೇಡಿ ಎಂದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ತನುಜಾ


ಆಲ್ಕೊಳ, ಶಿವಮೊಗ್ಗ
29 ಜನವರಿ 2024

ತನುಜಾ,

ನೀನು ಬೈದು ಬರೆದರೂ ನಾನು ಸಂತೋಷದಿಂದಲೇ ಬರೆಯುತ್ತಿದ್ದೇನೆ. ಆ ವೀರಭದ್ರನನ್ನು ಕಂಡು ಕೂತಲ್ಲೇ ಕೈ ಮುಗಿದೆ. ಕಾರು ಕೈಬಿಟ್ಟು ಹೋಗುವಾಗಲೂ ದೇವರನ್ನು ಜೊತೆಗೆ ಕಳಿಸಿದ್ದೀರಲ್ಲ, ಅಂದರೆ ನನ್ನ ಮೇಲೆ ನಿಮ್ಮೆಲ್ಲರಿಗೂ ಒಂದು ಚೂರು ಏನೋ ಉಳಿದಿದೆ. ನನ್ನ ಅಮ್ಮ ಭಾನುವಾರ ಬೆಳಿಗ್ಗೆ ಕಾರಿನೊಳಗೆ ಬಗ್ಗಿ ಅವನಿಗೆ ವಿಭೂತಿ ಹಚ್ಚಿಯೇ ನನ್ನನ್ನು ಕಳಿಸುವುದು.

ನಿನ್ನೆ ಲಿಖಿತಾಳನ್ನು ಗಾಜನೂರು ಡ್ಯಾಮಿಗೆ ಕರೆದುಕೊಂಡು ಹೋಗಿದ್ದೆ. ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು. ಶಾಲೆಯ ನಾಯಿಯ ಹೆಸರು, ಮಿಸ್ಸಿನ ಚಪ್ಪಲಿ, ಪಕ್ಕದ ಬೆಂಚಿನವಳ ಲೂಟಿ, ಕೀಟಲೆ, ಎಲ್ಲ ನನ್ನ ಕಿವಿಗೆ ತುಂಬಿದಳು. ನಾನು ಎರಡು ವರ್ಷ ಇಂಥ ಮಾತು ಕೇಳದೆ ಇದ್ದವನು.

ವಾಪಸ್ ಬರುವಾಗ ಒಂದು ವಿಚಿತ್ರವಾಯಿತು. ಓಡುತ್ತಿದ್ದ ಎಂಜಿನ್ ಕೆಮ್ಮದೆ ಕ್ಯಾಕರಿಸದೆ ಸುಮ್ಮನೆ ನಿಂತುಹೋಯಿತು. ಎಷ್ಟು ಸೆಲ್ಫ್ ಹೊಡೆದರೂ ಇಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟ ಮೇಲೆ ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್ ಆಯಿತು. ಹಾಗಾಗಿ ತಡವಾಯಿತು, ನಿಮ್ಮಪ್ಪ ಗೇಟಿನಲ್ಲಿ ವಾಚು ನೋಡುತ್ತಾ ನಿಂತಿದ್ದರು. ನಿನ್ನ ಹತ್ತಿರ ಇದ್ದಾಗ ಹೀಗೆ ಆಗುತ್ತಿತ್ತಾ? ಗೊತ್ತಿದ್ದರೆ ಒಂದು ಸಾಲು ಬರಿ. ಈ ಸಲದ್ದನ್ನು ಲೆಕ್ಕಕ್ಕೆ ಹಿಡಿಯಬೇಡ.

ಶಿವರಾಜ್


ಕಾಗದನಗರ
2 ಫೆಬ್ರವರಿ 2024

ಶಿವರಾಜ್ ಅವರಿಗೆ,

ನನ್ನ ಹತ್ತಿರ ಇದ್ದಷ್ಟು ದಿನ ಕಾರು ಎಲ್ಲೂ ನಿಂತಿಲ್ಲ. ಶಾಲೆ, ಸಂತೆ, ಅಪ್ಪನ ಆಸ್ಪತ್ರೆ ಎಲ್ಲ ಅದರಲ್ಲೇ. ನಿಮ್ಮ ಕೈಗೆ ಹೋದ ತಿಂಗಳಲ್ಲೇ ನಿಂತಿತು ಅಂದರೆ ಕೈಗುಣ ಇರಬೇಕು. ನೀವು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರು, ಎಲ್ಲಿ ಅಗ್ಗವೋ ಅಲ್ಲಿ ಪೆಟ್ರೋಲ್ ಹಾಕಿಸುವವರು. ಸಂಸಾರವನ್ನೂ ಹಾಗೇ ಓಡಿಸಿದಿರಿ, ಅದೂ ನಿಂತಿತು.

ಲೆಕ್ಕಕ್ಕೆ ಹಿಡಿಯಬೇಡ ಎಂದರೆ ಹೇಗೆ? ಮಾವ ಬರೆದುಕೊಂಡಾಯಿತು. ಒಂದು.

ತನುಜಾ


ಆಲ್ಕೊಳ
19 ಫೆಬ್ರವರಿ 2024

ತನುಜಾ,

ನೀನು ಚುಚ್ಚಿದ್ದನ್ನು ನುಂಗಿಕೊಂಡಿದ್ದೇನೆ. ಈಗ ಕೆಲಸದ ಮಾತು.

ಆಟೋ ಕಾಂಪ್ಲೆಕ್ಸಿನ ರವಿಶಂಕರನಿಗೆ ಕಾರು ತೋರಿಸಿದೆ. ಒಳ್ಳೆ ಮನುಷ್ಯ. ವೀರಭದ್ರನನ್ನು ನೋಡಿದವನೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ಕೈ ಮುಗಿದು, ಆಮೇಲೆ ಕೀ ತಿರುಗಿಸಿದ. ಅವನು ಕೇಳಿದ ಮೊದಲ ಪ್ರಶ್ನೆ: “ಓಡ್ಸೋವಾಗ ಚೆಕ್ ಎಂಜಿನ್ ಲೈಟ್ ಬರುತ್ತಾ ಸಾರ್? ಎಂಜಿನ್ ಚಿತ್ರ ಇರೋ ಹಳದಿ ಲೈಟು?” ಇಲ್ಲ ಅಂದೆ. “ಅದು ಬಂದಿದ್ರೆ ಸ್ಕ್ಯಾನರ್ ಚುಚ್ಚಿ ಎಲ್ಲಿ ಕೆಟ್ಟಿದೆ ಅಂತ ಕೂತಲ್ಲೇ ಹೇಳ್ತಿದ್ದೆ. ಲೈಟೇ ಬರಲ್ಲ ಅಂದ್ಮೇಲೆ ಸೆನ್ಸರ್ ಎಲ್ಲ ಸರಿ ಇವೆ ಅಂತ ಅರ್ಥ. ಪೆಟ್ರೋಲ್ ಲೈನಲ್ಲೇ ಏನೋ ಇರ್ಬೇಕು ಮಾರಾಯ್ರೆ” ಎಂದು ಫ್ಯುಯೆಲ್ ಪಂಪ್ ಬದಲಾಯಿಸಿದ.

ಎರಡು ಭಾನುವಾರ ಸರಿಯಾಗಿತ್ತು. ನಿನ್ನೆ ಮತ್ತೆ ನಿಂತಿತು, ಪುಣ್ಯಕ್ಕೆ ನವುಲೆಯಲ್ಲಿ, ಮಧ್ಯಾಹ್ನದಲ್ಲಿ. ಹಾಗಾಗಿ ತಡವಾಗಲಿಲ್ಲ. ಆ ಹಳದಿ ಲೈಟನ್ನು ನೀನು ಯಾವಾಗಲಾದರೂ ನೋಡಿದ್ದೆಯಾ? ನೆನಪಿಸಿಕೊಂಡು ಬರಿ. ನನಗೋಸ್ಕರ ಬೇಡ, ಬಿಸಿಲಿನಲ್ಲಿ ಬೆವರುತ್ತಾ ಕೂರುವ ಮಗಳಿಗೋಸ್ಕರ.

ಅವಳು ಯಾಕೋ ಮೊದಲಿನಷ್ಟು ಮಾತಾಡುತ್ತಿಲ್ಲ. ಕಾರು ನಿಂತಾಗಲಂತೂ ಮುಖ ಬಿಳಿಚಿಕೊಳ್ಳುತ್ತದೆ.

ಶಿವರಾಜ್


ಕಾಗದನಗರ
23 ಫೆಬ್ರವರಿ 2024

ಶಿವರಾಜ್ ಅವರಿಗೆ,

ಹಳದಿ ಲೈಟನ್ನೂ ನೋಡಿಲ್ಲ, ಕೆಂಪು ಲೈಟನ್ನೂ ನೋಡಿಲ್ಲ. ನಿಮ್ಮ ಜೊತೆ ಇದ್ದ ಒಂಬತ್ತು ವರ್ಷ ನಾನು ಎಷ್ಟು ಲೈಟು ಹತ್ತಿಸಿದೆನೋ, ನೀವೂ ಒಂದನ್ನೂ ನೋಡಲಿಲ್ಲ.

ಬ್ಯಾಟರಿ ತೋರಿಸಿ. ಪ್ಲಗ್ ತೋರಿಸಿ. ಅದೂ ಅಲ್ಲದಿದ್ದರೆ ನಿಮ್ಮ ಜಾತಕ ತೋರಿಸಿ.

ಮಗಳು ಮಾತಾಡುವುದಿಲ್ಲ ಎಂದು ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಅವಳ ಬಾಯಿ ಮುಚ್ಚುವುದಿಲ್ಲ.

ತನುಜಾ


ಆಲ್ಕೊಳ
18 ಮಾರ್ಚ್ 2024

ತನುಜಾ,

ನಿನ್ನೆ ತಡವಾದದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ. ನಾನು ಕ್ಷಮೆ ಕೇಳುವವನಲ್ಲ ಎಂದು ನಿನಗೆ ಗೊತ್ತು, ಅದಕ್ಕೇ ಇದಕ್ಕೆ ಬೆಲೆ ಕೊಡು. ಬ್ಯಾಟರಿ ಹೊಸದು, ಪ್ಲಗ್ ಹೊಸದು, ಪಂಪ್ ಹೊಸದು. ರವಿಶಂಕರ ಕೈಚೆಲ್ಲಿದ್ದಾನೆ. “ಲೈಟ್ ಒಂದು ಬಂದುಬಿಟ್ಟಿದ್ರೆ ಸಾರ್” ಎಂದು ಹಲುಬುತ್ತಾನೆ. ಬಿಸಿಲು ಏರಿದ ಹಾಗೆ ಕಾರು ನಿಲ್ಲುವುದೂ ಹೆಚ್ಚಾಗಿದೆ.

ಒಂದು ವಿಷಯ ಹೇಳುತ್ತೇನೆ, ನಗಬೇಡ. ಕಾರು ನಿಂತ ಕೂಡಲೇ ಲಿಖಿತಾ ನನ್ನ ಕಡೆ ಬಾಗಿ ವೀರಭದ್ರನಿಗೆ ಕೈ ಮುಗಿದು ಕಣ್ಣು ಮುಚ್ಚುತ್ತಾಳೆ. ನಿಮ್ಮಮ್ಮ ಒಳ್ಳೆಯ ಸಂಸ್ಕಾರ ಕೊಟ್ಟಿದ್ದಾರೆ ಎಂದುಕೊಂಡೆ. ನಿನ್ನೆ ಮಾತ್ರ ಉಗುರಿನಿಂದ ಸ್ಟಿಕ್ಕರಿನ ಅಂಚನ್ನು ಕೆರೆಯುತ್ತಿದ್ದಳು. “ಏಯ್, ದೇವ್ರನ್ನ ಕೆರೀತಾರೇನೇ?” ಎಂದು ಗದರಿದೆ. ಬೆಂಕಿ ತಾಗಿದವಳ ಹಾಗೆ ಕೈ ಎಳೆದುಕೊಂಡಳು. ಆಮೇಲೆ ಮನೆ ಮುಟ್ಟುವವರೆಗೆ ಕಿಟಕಿಯ ಆಚೆಗೇ ನೋಡುತ್ತಿದ್ದಳು.

ಇನ್ನೊಂದು ಸಲ ತಡವಾದರೆ ಎಲ್ಲ ಮುಗಿಯುತ್ತದೆ. ಮಾವನಿಗೆ ನೀನೊಂದು ಮಾತು ಹೇಳಿದರೆ ಸಾಕು. ಬಸ್ಸಿನಲ್ಲಿ ಕರೆದುಕೊಂಡು ಬರುತ್ತೇನೆ, ಅದಕ್ಕೆ ಒಪ್ಪಿಸು. ಕೈ ಮುಗಿಯುತ್ತೇನೆ.

ಶಿವರಾಜ್


ಕಾಗದನಗರ
21 ಮಾರ್ಚ್ 2024

ಶಿವರಾಜ್ ಅವರಿಗೆ,

ಕಾರು ಅಂದರೆ ಕಾರು. ಬಸ್ಸು ಮಾತಾಗಿಲ್ಲ.

ಎರಡು.

ತನುಜಾ


ಆಲ್ಕೊಳ
16 ಏಪ್ರಿಲ್ 2024

ತನುಜಾ,

ಮೂರಾಯಿತು. ಹಬ್ಬ ಮಾಡು.

ಭಾನುವಾರ ಮಾಚೇನಹಳ್ಳಿ ದಾಟುವಾಗ ನಿಂತಿತು. ನಿಮ್ಮ ಮನೆ ಇನ್ನೇನು ಬಂತು ಎನ್ನುವಷ್ಟು ಹತ್ತಿರ. ಲಾರಿಗಳು ಹಾರ್ನ್ ಹೊಡೆದು ಹೋಗುತ್ತಿದ್ದವು. ಗಂಟೆ ಆರಾಗುತ್ತಾ ಬಂದಿತ್ತು. ನಾನು ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡು ಅತ್ತೆ. ಹೌದು, ಮಗಳ ಎದುರು ಅತ್ತೆ. ಆಗ ಅವಳು ಹೇಳಿದಳು:

“ಅಪ್ಪಾ, ಅಳ್ಬೇಡ. ದೇವ್ರ ಹಿಂದೆ ಲೈಟ್ ಇದೆ. ಅದು ಯಾವಾಗ್ಲೂ ಉರೀತಾನೇ ಇರುತ್ತೆ.”

“ನಿಂಗ್ ಹೇಗ್ ಗೊತ್ತು?”

“ಅಮ್ಮ ಅಂಟ್ಸೋವಾಗ ನೋಡ್ದೆ. ಅಪ್ಪಂಗೆ ಹೇಳಿದ್ರೆ ಭಾನುವಾರ ಇರಲ್ಲ ಅಂದ್ಲು.”

ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ. ನಾನು ಉಗುರು ಹಾಕಿ ವೀರಭದ್ರನನ್ನು ಕಿತ್ತೆ. ಹಿಂದೆ ಆ ಹಳದಿ ದೀಪ ಉರಿಯುತ್ತಾ ಕೂತಿತ್ತು.

ಮಾರನೆಯ ದಿನ ರವಿಶಂಕರ ಸ್ಕ್ಯಾನರ್ ಚುಚ್ಚಿದ. ನಾನು ಕುಡಿಯುತ್ತಿದ್ದ ಟೀ ಮುಗಿಯುವುದರೊಳಗೆ ಕಾಯಿಲೆ ಸಿಕ್ಕಿತು. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ಹೇಳುವ ಒಂದು ಸೆನ್ಸರ್. ಬಿಸಿಯಾದರೆ ಸಾಯುತ್ತದೆ, ತಣ್ಣಗಾದರೆ ಬದುಕುತ್ತದೆ. ಹೆಬ್ಬೆರಳಿನಷ್ಟು ಸಾಮಾನು. “ಇಷ್ಟು ದಿನ ನಾನು ಲೈಟಿಗೇ ಕೈ ಮುಗೀತಿದ್ದೆನಲ್ಲ ಸಾರ್” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ.

ನೀನು ಹೆಣ್ಣಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಕೂಸಿನ ಬಾಯಿಗೆ ಬಟ್ಟೆ ತುರುಕಿ, ಅವಳ ಪಕ್ಕದಲ್ಲೇ ಅಪ್ಪ ಒದ್ದಾಡುವುದನ್ನು ತಿಂಗಳುಗಟ್ಟಲೆ ನೋಡಿಸಿದೆ. ಅವಳು ಅವತ್ತು ಮನೆಗೆ ಬಂದವಳು ನಿನ್ನ ಮುಖವನ್ನೂ ನೋಡದೆ ಒಳಗೆ ಹೋಗಿರಬೇಕು. ಅದು ನಿನ್ನ ಮೇಲಿನ ಅಸಹ್ಯ. ತಿಳಿದುಕೋ.

ಎಲ್ಲವನ್ನೂ ಮಾವನ ಮುಂದೆ ಇಡುತ್ತೇನೆ.

ಶಿವರಾಜ್


ಕಾಗದನಗರ
19 ಏಪ್ರಿಲ್ 2024

ಶಿವರಾಜ್,

ನಾನು ಹೆಣ್ಣಲ್ಲ ಅಂದೆಯಲ್ಲ, ಇನ್ನು ನಿನಗೆ ನೀವು ನೀವು ಎನ್ನುವ ಅಗತ್ಯವೂ ಉಳಿಯಲಿಲ್ಲ.

ಹೌದು, ನಾನೇ ಅಂಟಿಸಿದ್ದು. ಕಾರು ನಿನಗೆ ಕೊಡುವುದು, ಭಾನುವಾರದ ಷರತ್ತು ಎಲ್ಲ ಮಾತಾದ ಮೇಲೆ ಡಿಸೆಂಬರಿನಲ್ಲಿ ಲೈಟ್ ಬಂತು. ಇಲ್ಲಿಯ ಮೆಕ್ಯಾನಿಕ್ ವೆಂಕಟಾಚಲ ನೋಡಿ ಇದೇ ಸೆನ್ಸರ್ ಎಂದ. ಹಾಕಿಬಿಡು ಎಂದಿದ್ದೆ, ಸುಳ್ಳಲ್ಲ. ಅದೇ ಸಂಜೆ ನಿನ್ನ ವಕೀಲನ ನೋಟಿಸ್ ಬಂತು. ತಾಯಿಗೆ ತಲೆ ಸರಿಯಿಲ್ಲ, ಮಾತ್ರೆ ತಿನ್ನುತ್ತಾಳೆ, ಮಗು ತಂದೆಗೇ ಸೇರಬೇಕು. ನಿನ್ನ ಕಾಗದಗಳಲ್ಲಿ ಗಾಜನೂರು ಬಂತು, ನವುಲೆ ಬಂತು, ನಿನ್ನ ಕಣ್ಣೀರು ಬಂತು. ಆ ನೋಟಿಸ್ ಮಾತ್ರ ಒಂದು ಸಲವೂ ಬರಲಿಲ್ಲ. ಹೆರಿಗೆಯಾದ ಮೇಲೆ ನಿದ್ದೆ ಬರದೆ ತಿಂದ ಮಾತ್ರೆ ಅದು. ಮೆಡಿಕಲ್ ಶಾಪಿನಿಂದ ತಂದುಕೊಡುತ್ತಿದ್ದವನು ನೀನೇ. ಡಾಕ್ಟರ್ ಬರೆದ ಆ ಚೀಟಿಯನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆಯಲ್ಲೋ.

ಮಾರನೆಯ ಬೆಳಿಗ್ಗೆ ವೆಂಕಟಾಚಲನಿಗೆ ರಿಪೇರಿ ಬೇಡ ಎಂದೆ. ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ವೀರಭದ್ರನನ್ನು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಮೆಲ್ಲಗೆ ಬಿಡಿಸಿ ಲೈಟಿನ ಮೇಲೆ ಕೂರಿಸಿದೆ. ಬೇರೆ ಏನು ಅಂಟಿಸಿದ್ದರೂ ನೀನು ಮೊದಲ ದಿನವೇ ಕೀಳುತ್ತಿದ್ದೆ. ನಿನ್ನ ಅಮ್ಮ ಇರುವ ಮನೆಯಲ್ಲಿ ವೀರಭದ್ರನಿಗೆ ಉಗುರು ತಾಗಿಸುವ ಧೈರ್ಯ ನಿನಗಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿರುಗಿ ನೋಡಿದರೆ ಹಿಂದೆ ಲಿಖಿತಾ ನಿಂತಿದ್ದಳು. ಅವಳಿಗೆ ಏನು ಹೇಳಬೇಕೋ ಅದನ್ನು ಹೇಳಿದೆ.

ಮಾವನಿಗೆ ಹೇಳುತ್ತೀಯಾ? ಧಾರಾಳವಾಗಿ ಹೇಳು. ಮನೆದೇವರನ್ನು ಉಗುರಿನಿಂದ ಕಿತ್ತೆ ಎಂದು ನಿನ್ನ ಬಾಯಿಂದಲೇ ಹೇಳಬೇಕಾಗುತ್ತದೆ. ಸಾಕ್ಷಿ ಯಾರು ಎಂದರೆ ಮಗಳನ್ನು ಕರೆಯಬೇಕಾಗುತ್ತದೆ. ಕರಿ. ಅವಳು ಯಾರ ಮಗಳು ಎಂದು ಅವತ್ತು ತಿಳಿಯುತ್ತದೆ.

ತನುಜಾ


ಆಲ್ಕೊಳ
29 ಏಪ್ರಿಲ್ 2024

ತನುಜಾ,

ನೀನು ಗೆದ್ದೆ.

ನಿನ್ನೆ ಅಷ್ಟು ಜನರ ನಡುವೆ ಮಾವ ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಾಗ ನನಗೆ ಇನ್ನೂ ನಂಬಿಕೆಯಿತ್ತು. “ಪುಟ್ಟಾ, ಸ್ಟಿಕ್ಕರ್ ಅಂಟ್ಸಿದ್ದು ಯಾರು?” ಒಂದು ಸಲ ಕೇಳಿದರು, ಸುಮ್ಮನಿದ್ದಳು. ಮತ್ತೆ ಜೋರಾಗಿ ಕೇಳಿದರು. ಆಗ ಅವರ ಬಾಯನ್ನೇ ನೋಡಿ “ಗೊತ್ತಿಲ್ಲ ತಾತ” ಅಂದಳು. ನನ್ನ ಕಡೆಯೂ ನೋಡಲಿಲ್ಲ, ನಿನ್ನ ಕಡೆಯೂ ನೋಡಲಿಲ್ಲ. ಯಾವಾಗಲೂ ಎರಡು ಜಡೆ ಹಾಕುತ್ತಿದ್ದವಳು ಕೂದಲನ್ನು ಮುಖದ ಎರಡೂ ಕಡೆ ಇಳಿಬಿಟ್ಟುಕೊಂಡು ದೊಡ್ಡವರ ಹಾಗೆ ಕೂತಿದ್ದಳು. ಕೇಳಿಸದವಳ ಹಾಗೆ ನಟಿಸುವುದನ್ನೂ ಕಲಿಸಿದ್ದೀಯ. ಭೇಷ್.

ಮಗಳ ಬಾಯಲ್ಲಿ ಸುಳ್ಳು ಹೇಳಿಸಲು ಹೋಗಿ ಸಿಕ್ಕಿಬಿದ್ದೆ ಎಂದು ನಿಮ್ಮಪ್ಪ ನನಗೆ ಉಗಿದರು. ನನ್ನ ಅಮ್ಮ ದೇವರನ್ನು ಕಿತ್ತ ಮಗ ಎಂದು ನನ್ನ ಕೈಯ ನೀರು ಮುಟ್ಟುತ್ತಿಲ್ಲ. ಭಾನುವಾರಗಳು ಬಂದ್.

ಈ ಕವರಿನಲ್ಲಿ ಸ್ಟಿಕ್ಕರ್ ಇಟ್ಟಿದ್ದೇನೆ. ಮೂಲೆ ಸ್ವಲ್ಪ ಮಡಚಿದೆ, ಅಂಟು ಇನ್ನೂ ಇದೆ. ಮುಂದೆ ಎಲ್ಲಿ ಬೇಕೋ ಅಲ್ಲಿ ಅಂಟಿಸಿಕೋ.

ಶಿವರಾಜ್


ಕಾಗದನಗರ
22 ಮೇ 2024

ಶಿವರಾಜ್ ಅವರಿಗೆ,

ಲಿಖಿತಾಳ ದಿಂಬಿನ ಮೇಲೆ ಹಳದಿ ಕಲೆ ಕಂಡು ಅಮ್ಮ ನನಗೆ ತೋರಿಸಿದಳು. ಕೂದಲು ಎತ್ತಿ ನೋಡಿದರೆ ಬಲಗಿವಿಯಿಂದ ಕೀವು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಕಿವಿಯೊಳಗಿನ ತಮಟೆ ಹರಿದಿದೆ, ಹರಿದು ತಿಂಗಳ ಮೇಲಾಗಿದೆ ಎಂದರು ಡಾಕ್ಟರ್. ಆಗಲೇ ಬಂದು ನೀರು ತಾಗದ ಹಾಗೆ ನೋಡಿಕೊಂಡಿದ್ದರೆ ತಾನೇ ಕೂಡಿಕೊಳ್ಳುತ್ತಿತ್ತಂತೆ. ಈಗ ಮೊದಲು ಕೀವು ಒಣಗಬೇಕು, ಆಮೇಲೆ ಆಪರೇಷನ್. ಆ ಕಿವಿ ಪೂರ್ತಿ ಕೇಳಿಸುವ ಭರವಸೆ ಕೊಡಲಿಲ್ಲ. ಇಷ್ಟು ದಿನ ನಾನು ಪ್ರತಿ ಭಾನುವಾರ ಅವಳ ತಲೆಗೆ ನೀರು ಹುಯ್ದಿದ್ದೇನೆ. ಕೂದಲು ಬಿಟ್ಟರೆ ಚೆಂದ ಕಾಣುತ್ತೀನಿ ಎಂದಳು, ಬಿಡಿಸಿದೆ.

ಹೇಗಾಯಿತು ಎಂದು ಡಾಕ್ಟರ್ ಕೇಳಿದರು. ಶಾಲೆಯ ಮೆಟ್ಟಿಲ ಮೇಲೆ ಬಿದ್ದೆ ಎಂದಳು. ಶಾಲೆಗೆ ಹೋಗಿ ಮಿಸ್ಸನ್ನು ಕೇಳಿದೆ, ಬಿದ್ದೇ ಇಲ್ಲ. ಮನೆಗೆ ಬಂದು ಕೇಳಿದರೆ “ಗೊತ್ತಿಲ್ಲ”. ಬೈದೆ, ಬೇಡಿಕೊಂಡೆ, ಊಟ ಬಿಟ್ಟೆ. “ಗೊತ್ತಿಲ್ಲ”. ಮಾವನ ಮುಂದೆ ಹೇಳಿದಳಲ್ಲ, ಅದೇ ದನಿ, ಅದೇ ಮುಖ. ಅವತ್ತು ಆ ಮುಖ ನೋಡಿ ನಾನು ಒಳಗೊಳಗೆ ಹಿಗ್ಗಿದ್ದೆ.

ನಿನ್ನೆ ಎಣ್ಣೆ ಹಚ್ಚುತ್ತಾ ಕೂತಿದ್ದಾಗ ಅವಳೇ ಕೇಳಿದಳು: “ಹೇಳಿದ್ರೆ ಭಾನುವಾರ ಇರಲ್ಲ ಅಲ್ವಾ ಅಮ್ಮ?”

ಇರುತ್ತೆ ಎಂದು ವೀರಭದ್ರನ ಮೇಲೆ ಆಣೆ ಮಾಡಿದ ಮೇಲೆ ಬಾಯಿ ಬಿಟ್ಟಳು. ನೀವು ಬರೆದಿದ್ದಿರಿ, ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ ಎಂದು. ನಿಜವೇ ಬರೆದಿದ್ದೀರಿ, ಮಾತಾಡಲಿಲ್ಲ. ಎಡಗೈ ಬೀಸಿ ಹೊಡೆದಿರಿ. ಅವಳು ನಿಮ್ಮ ಕಣ್ಣೀರು ನೋಡಲಾರದೆ ನಿಜ ಹೇಳಿದ್ದಕ್ಕೆ ಹೊಡೆದಿರಿ. ಅವಳು ಅವತ್ತು ಮುಖ ತಪ್ಪಿಸಿ ಒಳಗೆ ಹೋದದ್ದು ನನ್ನ ಮೇಲಿನ ಅಸಹ್ಯಕ್ಕಲ್ಲ. ಕೆನ್ನೆ ಕಾಣಬಾರದು ಎಂದು.

ಇದನ್ನು ಕೋರ್ಟಿಗೆ ಕೊಟ್ಟರೆ ನಿಮ್ಮ ಕೇಸು ಅಲ್ಲಿಗೇ ಮುಗಿಯುತ್ತದೆ. ವಕೀಲರು ಕುಣಿದಾಡುತ್ತಾರೆ. ಕೊಡಬೇಕು ಎಂದು ಕೈ ತುರಿಸುತ್ತಿದೆ. ಆದರೆ ಹೇಳಿದರೂ ಭಾನುವಾರ ಇರುತ್ತದೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ಇದೊಂದು ಮಾತು ತಪ್ಪಿದರೆ ಆ ಹುಡುಗಿ ಹೊಟ್ಟೆನೋವು ಬಂದರೂ ಇನ್ನು ನನಗೆ ಹೇಳುವುದಿಲ್ಲ. ಮಾವನನ್ನು ಒಪ್ಪಿಸಿದ್ದೇನೆ. ಯಾಕೆ ಎಂದು ಅವರಿಗೂ ಹೇಳಿಲ್ಲ.

ನಿಜವಾಗಿ ಹೋಗಬೇಕು ಅನ್ನಿಸುತ್ತಿದೆಯಾ ಎಂದು ಅವಳನ್ನು ಮೂರು ಸಲ ಕೇಳಿದೆ. ಮೂರು ಸಲವೂ ಹೂಂ ಎಂದಳು. ಅದು ಇಷ್ಟವೋ, ಹೆದರಿಕೆಯೋ, ನಿಮ್ಮ ಮೇಲಿನ ಕನಿಕರವೋ ನನಗೆ ತಿಳಿಯಲಿಲ್ಲ. ಹೆತ್ತ ನನಗೇ ತಿಳಿಯಲಿಲ್ಲ. ನಿಮಗೂ ತಿಳಿಯುವುದಿಲ್ಲ, ನೋಡುತ್ತಿರಿ.

ಭಾನುವಾರ ಹತ್ತಕ್ಕೆ ಬನ್ನಿ. ಕಾರು ಈಗ ಸರಿಯಾಗಿದೆಯಲ್ಲ, ಅದರಲ್ಲೇ ಬನ್ನಿ. ಕಿವಿಗೆ ಹತ್ತಿ ಇಟ್ಟಿರುತ್ತೇನೆ, ನೀರಿನ ಹತ್ತಿರ ಬಿಡಬೇಡಿ.

ಅವಳನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಳ್ಳುವುದಾದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಓಡಿಸುತ್ತಾ ನೀವು ಏನು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ. ನಿಮ್ಮ ಕಡೆಗಿರುವುದು ಬಲಗಿವಿ.

ತನುಜಾ